ಬಣ್ಣ ತುಂಬದ ಹೆಸರು

"ಕಲ್ಲ ಅಂಗಾತ ಮಲಗಸಬ್ಯಾಡ, ಗ್ವಾಡಿಗಿ ಆನಿಸು," ಎಂದಳು ವಿದ್ಯಾವತಿ.

ಅಣ್ಣ ಸಿದ್ದರಾಮ ಹಿತ್ತಲಿನ ಪತ್ರಾಸಿನ ಚಪ್ಪರದ ಕೆಳಗಿಂದ ಕಲ್ಲನ್ನು ಎಳೆದು ತಂದು ಗೋಡೆಗೆ ಆನಿಸಿದ. ಮೇಲಿನ ಗೋಣಿಚೀಲ ಸರಿಸಿ ಬಾಗಿ ಓದಿದ. ಎರಡನೆಯ ಸಲ ಓದಿ, ಚೀಲವನ್ನು ಮತ್ತೆ ಮುಚ್ಚಿದ.

"ಇದನ್ನ ಇಡಾಕ ಆಗೂದಿಲ್ಲ, ವಿದ್ಯಾ."

"ಅಪ್ಪ ಹೇಳಿ ಹೋಗ್ಯಾನ. ಮಣ್ಣ ಕೊಡೂ ದಿನಾನ ಇಡ್ರಿ, ಮಂದಿ ಎಲ್ಲಾ ಇದ್ದಾಗ ಇಡ್ರಿ ಅಂದಾನ."

ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ಬೆಳಗ್ಗೆ ಉಸಿರು ನಿಂತ ಶಿವಯೋಗೆಪ್ಪನನ್ನು ಮೀಯಿಸಿ, ಹಣೆಗೆ, ತೋಳಿಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಭಜನೆಯವರು ತಾಳ ಹಿಡಿದು ಎದುರಿಗೆ ಕೂತಿದ್ದರು. ಟಿಕೋಟಾದಿಂದ ಬಬಲೇಶ್ವರದವರೆಗೆ ಗುಡಿ, ಬಾವಿ, ಬಸ್ ನಿಲ್ದಾಣ, ಯಾವುದರ ಗೋಡೆಯಲ್ಲಿ ಉದ್ಘಾಟನೆಯ ಕಲ್ಲು ಕಂಡರೂ ಅದು ಅವನು ಕೆತ್ತಿದ್ದೇ ಎಂದು ಬಂದವರು ಮಾತಾಡಿಕೊಳ್ಳುತ್ತಿದ್ದರು. ಮಾತು ಸುಳ್ಳಲ್ಲ. ನಲವತ್ತು ವರ್ಷ ಕಂಡವರ ಹೆಸರನ್ನೆಲ್ಲ ಕಲ್ಲಿಗೆ ಏರಿಸಿದ ಮನುಷ್ಯ. ರಿಬ್ಬನ್ ಕತ್ತರಿಸಿದವರು, ತೆಂಗಿನಕಾಯಿ ಒಡೆದವರು, ಸುಮ್ಮನೆ ಬಂದು ಚಹಾ ಕುಡಿದು ಹೋದವರು ಎಲ್ಲರಿಗೂ 'ಶ್ರೀ' ಹಚ್ಚಿದ. ತನ್ನ ಹೆಸರನ್ನು ಎಲ್ಲಿಯೂ ಕೆತ್ತಲಿಲ್ಲ. ಕಲ್ಲಿನ ಪುಡಿ ಎದೆಗಿಳಿದು, ನಾಲ್ಕು ವರ್ಷ ಕೆಮ್ಮಿ ಕೆಮ್ಮಿ ಸತ್ತ.

ತನ್ನ ಹೆಸರನ್ನು ಅವನು ಕೆತ್ತಿದ್ದು ಒಂದೇ ಒಂದು ಸಲ, ಹಿತ್ತಲಿನ ಈ ಕಲ್ಲಿನಲ್ಲಿ. ಅದರಲ್ಲಿ ಇನ್ನೊಬ್ಬನ ಹೆಸರೂ ಇತ್ತು, ಬದುಕಿರುವವನದು. ಸಿದ್ದರಾಮನ ಹೆದರಿಕೆ ಅದೇ.

* * *

ಹನ್ನೆರಡು ವರ್ಷದ ಹಿಂದೆ ಅವರ ಊರಿನ ಸರ್ಕಾರಿ ಶಾಲೆಗೆ ಹತ್ತು ಕಂಪ್ಯೂಟರ್ ಮಂಜೂರಾದವು. ಹಳ್ಳಿಯ ಮಕ್ಕಳೂ ಕಲಿಯಲಿ ಎಂದು ಸರ್ಕಾರದ ಯೋಜನೆ. ಅದಕ್ಕೊಂದು ಕೋಣೆ, ಕೋಣೆಯ ಗೋಡೆಗೊಂದು ಕಲ್ಲು. ವಿದ್ಯಾವತಿ ಆಗ ಅದೇ ಶಾಲೆಯಲ್ಲಿ ಏಳನೆಯ ಇಯತ್ತೆ. ಮಗಳ ಶಾಲೆಯ ಕಲ್ಲು ಎಂದು ಶಿವಯೋಗೆಪ್ಪ ಜೀವ ಹಾಕಿ ಕೆತ್ತಿದ. 'ಗಣಕಯಂತ್ರ ಕೊಠಡಿ', ಕೆಳಗೆ 'ಉದ್ಘಾಟಕರು: ಶ್ರೀ ಧೂಳಪ್ಪನವರು, ಅಧ್ಯಕ್ಷರು, ಶಾಲಾಭಿವೃದ್ಧಿ ಸಮಿತಿ'.

ಬಣ್ಣ ತುಂಬುವ ಕೆಲಸ ಯಾವಾಗಲೂ ವಿದ್ಯಾವತಿಯದು. ಅಪ್ಪ ಕಲಿಸಿದ ರೀತಿ ಸುಲಭ. ಬಣ್ಣವನ್ನು ಅರಿವೆಯಿಂದ ಅಕ್ಷರಗಳ ಮೇಲೆಲ್ಲ ಬಳಿದುಬಿಡಬೇಕು. ಆಗ ಕಲ್ಲಿನ ಮೇಲೆ ಬರೀ ಬಿಳಿಯ ಕಲೆ, ಏನೂ ಓದಲು ಬರುವುದಿಲ್ಲ. ಬಣ್ಣ ಹಸಿಯಿರುವಾಗಲೇ ಒಣ ಅರಿವೆಯಿಂದ ಗಟ್ಟಿಯಾಗಿ ಒರೆಸಿದರೆ ಮೇಲಿನದು ಹೋಗುತ್ತದೆ, ಕೊರೆದ ಕಡೆ ಇಳಿದದ್ದು ಉಳಿಯುತ್ತದೆ. ಒರೆಸಿದಷ್ಟೂ ಅಕ್ಷರ ಎದ್ದು ಕಾಣುತ್ತದೆ. ಬಣ್ಣ ಬೀಳದ ಹೆಸರು ಮಾತ್ರ ಮೂಗು ತಾಗುವಷ್ಟು ಹತ್ತಿರ ಬಾಗಿದರಷ್ಟೇ ಕಂಡೀತು.

ಉದ್ಘಾಟನೆಯ ದಿನ ಕಂಪ್ಯೂಟರ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಹಿಂದೆ ಹುಡುಗಿಯರನ್ನು ನಿಲ್ಲಿಸಿ ಫೋಟೊ ತೆಗೆದರು. ಸಂಜೆ ಧೂಳಪ್ಪ ಒಂದು ಮಾತು ತೆಗೆದ. ಕಿಟಕಿಗೆ ಸರಳಿಲ್ಲ, ಕಳ್ಳರ ಕಾಲ, ಸರಳು ಕೂರಿಸುವವರೆಗೆ ಸಾಮಾನು ತನ್ನ ಮನೆಯಲ್ಲಿರಲಿ ಎಂದ. ಎಷ್ಟು ಕಾಳಜಿ ನೋಡಿ! ಹತ್ತೂ ಜೀಪು ಹತ್ತಿದವು. ಸರಳು ಇವತ್ತಿಗೂ ಬಂದಿಲ್ಲ. ಕೋಣೆಯಲ್ಲಿ ಬಿಸಿಯೂಟದ ಅಕ್ಕಿ ಚೀಲ ಕೂತವು. ಸಮಿತಿಗೆ ಮುಂದೆ ಅವನ ಹೆಂಡತಿ ಬಂದಳು, ಆಮೇಲೆ ತಮ್ಮ ಬಂದ, ಆದರೆ ಅಧ್ಯಕ್ಷ ಎಂದರೆ ಊರಿಗೆಲ್ಲ ಧೂಳಪ್ಪನೇ. ಇಲಾಖೆಯ ಸಾಹೇಬರು ತಪಾಸಣೆಗೆ ಬಂದಾಗ ಒಮ್ಮೆಯೂ ಕೋಣೆಯ ಬೀಗ ತೆಗೆಸಲಿಲ್ಲ. ಗೋಡೆಯ ಕಲ್ಲಿನ ಫೋಟೊ ತೆಗೆದುಕೊಂಡು, ಧೂಳಪ್ಪನ ಮನೆಯಲ್ಲಿ ಊಟ ಮಾಡಿ ಹೋದರು.

* * *

ಡಿಗ್ರಿ ಮುಗಿಸಿದ ವರ್ಷ ವಿದ್ಯಾವತಿ ವಿಜಯಪುರಕ್ಕೆ ಹೋಗಿ ಒಂದು ನೌಕರಿಯ ಪರೀಕ್ಷೆಗೆ ಕೂತಳು. ಪರೀಕ್ಷೆ ಕಂಪ್ಯೂಟರಿನ ಮೇಲೆ. ಅವಳು ಮೊಬೈಲನ್ನು ಒತ್ತುವ ಹಾಗೆ ಪರದೆಯನ್ನು ಬೆರಳಿನಿಂದ ಒತ್ತಿದಳು. ಒತ್ತಿದಳು, ತಿಕ್ಕಿದಳು, ಪ್ರಶ್ನೆ ಅಲುಗಲಿಲ್ಲ. ಮೇಲ್ವಿಚಾರಕ ಬಂದು, ಅದು ಮೊಬೈಲ್ ಅಲ್ಲಮ್ಮ, ಪಕ್ಕದಲ್ಲಿ ಮೌಸ್ ಇದೆ ನೋಡು ಎಂದ. ಇಡೀ ಕೋಣೆ ನಕ್ಕಿತು. ಎಲ್ಲ ಉತ್ತರ ಗೊತ್ತಿದ್ದ ಹುಡುಗಿ ಅರ್ಧ ಪರೀಕ್ಷೆಗೇ ಎದ್ದು ಬಂದಳು.

ಶಿವಯೋಗೆಪ್ಪ ಅವಳನ್ನು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಒಂದು ಕಂಪ್ಯೂಟರ್ ಸೆಂಟರಿಗೆ ಹಚ್ಚಿದ. ಅದನ್ನು ನಡೆಸುವವನು ಧೂಳಪ್ಪನ ಅಳಿಯ ಎಂದು ಆಗ ಗೊತ್ತಿರಲಿಲ್ಲ. ನಾಲ್ಕನೆಯ ದಿನ ಕೆಳಗೆ ಬಿದ್ದ ಪೆನ್ನು ಹುಡುಕುತ್ತ ಬಾಗಿದವಳಿಗೆ ಕಂಪ್ಯೂಟರಿನ ಡಬ್ಬದ ಹಿಂಬದಿ ಒಂದು ತಗಡಿನ ಚೀಟಿ ಕಂಡಿತು. ಅದರ ಮೇಲಿನ ಅಕ್ಷರಗಳನ್ನು ಯಾರೋ ಮೊಳೆಯಿಂದ ಕೆರೆದು ಅಳಿಸಿದ್ದರು. ಮರುದಿನ ಅಪ್ಪನನ್ನು ಕರೆತಂದಳು. ಅವನು ಕನ್ನಡಕ ಹಾಕಲಿಲ್ಲ. ಕೆರೆದ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ಅಕ್ಷರ ಎಲ್ಲಿದ್ದವು ಎಂಬುದು ಆ ಬೆರಳಿಗೆ ತಿಳಿಯಿತು. ಊರಿನ ಹೆಸರನ್ನು, ಶಾಲೆಯ ಹೆಸರನ್ನು ಮೆಲ್ಲಗೆ ಓದಿ ಹೇಳಿದ.

ಶಿಕ್ಷಣ ಇಲಾಖೆಗೆ ಅರ್ಜಿ ಕೊಟ್ಟ. ಆರು ತಿಂಗಳಿಗೆ ಉತ್ತರ ಬಂತು. ಸದರಿ ಶಾಲೆಯಲ್ಲಿ ಗಣಕಯಂತ್ರಗಳು ಇರುವುದು ದಾಖಲೆಯಿಂದ ದೃಢಪಟ್ಟಿದೆ, ಭಾವಚಿತ್ರ ಲಗತ್ತಿಸಿದೆ. ಭಾವಚಿತ್ರದಲ್ಲಿ ಅವನೇ ಕೆತ್ತಿದ ಕಲ್ಲು. ಚಂದನೆಯ ಕಲ್ಲು, ಒಂದು ಅಕ್ಷರವೂ ಸೊಟ್ಟ ಇಲ್ಲ.

ಅವತ್ತು ಅವನು ಚಾಣ, ಸುತ್ತಿಗೆ ಹಿಡಿದು ಆ ಕಲ್ಲನ್ನು ಒಡೆಯಲು ಶಾಲೆಗೆ ಹೋದ. ಧೂಳಪ್ಪ ಅಡ್ಡ ನಿಂತ. ಸರ್ಕಾರದ ಆಸ್ತಿ ಮುಟ್ಟಿದರೆ ಕೇಸು ಹಾಕಿಸುತ್ತೇನೆ ಎಂದ. ಹತ್ತು ಕಂಪ್ಯೂಟರ್ ನುಂಗಿದವನ ಬಾಯಿಂದ ಈ ಮಾತು! ಶಿವಯೋಗೆಪ್ಪ ತಿರುಗಿ ಬಂದ. ಹೆಂಡತಿ ಮುರಿಗೆವ್ವ ನೀರು ಕೊಟ್ಟರೆ ಕುಡಿಯಲಿಲ್ಲ.

"ನನ್ನ ಕೈಲೆ ಸುಳ್ಳ ಬರಿಸ್ಯಾರ," ಎಂದನಷ್ಟೇ.

ಆಮೇಲೆ ಒಂದು ಕರಿಕಲ್ಲು ತಂದ. ಕೆಮ್ಮು ನಿಂತಾಗ ಕೆತ್ತುತ್ತ, ಕೆಮ್ಮು ಬಂದಾಗ ಕೂರುತ್ತ, ನಾಲ್ಕು ತಿಂಗಳು ತೆಗೆದುಕೊಂಡ. ಬಣ್ಣ ಮಾತ್ರ ತುಂಬಲಿಲ್ಲ. ಬದುಕಿರುವವನ ಹೆಸರು ಸಮಾಧಿಯ ಮೇಲೆ ಏರುವುದು ಸಣ್ಣ ಮಾತಲ್ಲ, ಅದನ್ನು ನಿನಗೆ ಬಿಟ್ಟಿದ್ದೇನೆ ಎಂದು ಮಗಳಿಗೆ ಹೇಳಿದ.

* * *

ಹನ್ನೊಂದರ ಹೊತ್ತಿಗೆ ಧೂಳಪ್ಪ ದೊಡ್ಡ ಹಾರ ಹಿಡಿದು ಬಂದ. ಶಿವಯೋಗೆಪ್ಪನ ಕೊರಳಿಗೆ ಹಾಕಿ, ಹೆಗಲ ಮೇಲಿನ ವಲ್ಲಿಯನ್ನು ಕಣ್ಣಿಗೆ ಒತ್ತಿಕೊಂಡ. ನಾಚಿಕೆ ಎನ್ನುವುದು ಅವನ ಓಣಿಯಲ್ಲಿ ಹಾದು ಹೋಗಿರಲಿಲ್ಲ. ಅಲ್ಲಿಂದ ನೆಟ್ಟಗೆ ಹಿತ್ತಲಿಗೆ ಬಂದ. ಹಿಂದೆ ಬರುತ್ತಿದ್ದ ಸಿದ್ದರಾಮನ ತಗ್ಗಿದ ತಲೆ ನೋಡಿದರೇ ಸುದ್ದಿ ಮುಟ್ಟಿಸಿದ್ದು ಯಾರೆಂದು ತಿಳಿಯುತ್ತಿತ್ತು.

ವಿದ್ಯಾವತಿ ಅರಿವೆ ಹಿಡಿದು ಕಲ್ಲಿನ ಮುಂದೆ ಕೂತಿದ್ದಳು. ಮೇಲಿನ ಸಾಲುಗಳಿಗೆ ಬಿಳಿ ತುಂಬಿ ಆಗಿತ್ತು. ಕೊನೆಯ ಸಾಲು ಉಳಿದಿತ್ತು. ಧೂಳಪ್ಪ ಬಾಗಿ ಅದನ್ನು ಓದಿದ. ಅವನ ಮುಖ ಸುಣ್ಣವಾಯಿತು.

"ತಂಗಿ, ನಾ ಇನ್ನಾ ಜೀವಂತ ಅದೀನಿ."

"ಅದಕ್ಕ ನಿಮ್ಮ ಹೆಸರಿಗಿ ಇನ್ನಾ ಬಣ್ಣಾ ಹಾಕಿಲ್ಲ, ಕಾಕಾ."

ಧೂಳಪ್ಪ ಜೇಬಿನಿಂದ ಮಡಚಿದ ಹಾಳೆ ತೆಗೆದ. ವಿದ್ಯಾವತಿ ಬಿ.ಎಡ್. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದಳು. ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯ ಜಾಗಕ್ಕೆ ಅರ್ಜಿ ಹಾಕಿದ್ದಳು, ಸಮಿತಿಯ ಸಹಿಗೆ ಅದು ನಿಂತಿತ್ತು. ಈಗ ಸಹಿ ಬಿದ್ದಿತ್ತು. ಸೋಮವಾರದಿಂದ ಬರಬಹುದು, ಸತ್ತವನ ಆತ್ಮಕ್ಕೂ ಶಾಂತಿ, ಈ ಕಲ್ಲನ್ನು ಮಾತ್ರ ಬಾವಿಗೆ ಹಾಕಿ ಎಂದು ಬಹಳ ನಯವಾಗಿ ಹೇಳಿದ. ತಗೋ ವಿದ್ಯಾ, ನಿನ್ನ ಜೀವನದ ಪ್ರಶ್ನೆ ಎಂದು ಸಿದ್ದರಾಮ ಗೋಗರೆದ. ಅವಳು ಹಾಳೆಯನ್ನೇ ನೋಡುತ್ತ ಕೂತಳು. ಬೇಡವೆಂದರೆ ಸುಳ್ಳು. ಆ ಕೆಲಸ ಅವಳಿಗೆ ಬೇಕಾಗಿತ್ತು, ಹಸಿದವರಿಗೆ ರೊಟ್ಟಿ ಬೇಕಾದಷ್ಟು ಬೇಕಾಗಿತ್ತು.

ಅಷ್ಟರಲ್ಲಿ ಮುರಿಗೆವ್ವ ಹಿತ್ತಲಿಗೆ ಬಂದಳು. ಓದು ಬಾರದ ಹೆಂಗಸು. ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ನಿಮ್ಮಪ್ಪ ಏನು ಬರೆದಾನ ಓದು ಎಂದಳು.

ವಿದ್ಯಾವತಿ ಓದಿದಳು. "ಈ ಸ್ಥಳದಲ್ಲಿ ಅಕ್ಷರ ಕೆತ್ತುವ ಶಿವಯೋಗೆಪ್ಪ ಮತ್ತು ಈ ಊರಿನ ಶಾಲೆಗೆ ಸರ್ಕಾರ ಕೊಟ್ಟ ಹತ್ತು ಗಣಕಯಂತ್ರಗಳ ಸಮಾಧಿ. ಉದ್ಘಾಟಕರು: ಶ್ರೀ ಧೂಳಪ್ಪನವರು."

ವೈನಿ, ನೀವಾದರೂ ಬುದ್ಧಿ ಹೇಳ್ರಿ ಎಂದು ಧೂಳಪ್ಪ ಮುರಿಗೆವ್ವನಿಗೆ ಹೇಳಿದ.

"ಬಣ್ಣಾ ಒಣಗಾಕ ಎಷ್ಟೊತ್ತ ಬೇಕ?" ಎಂದು ಅವಳು ಮಗಳನ್ನು ಕೇಳಿದಳು.

ವಿದ್ಯಾವತಿ ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಧೂಳಪ್ಪನ ಕೈಗೆ ಕೊಟ್ಟಳು.

"ಅಪ್ಪನ್ನ ಕುಣ್ಯಾಗ ಇಳಸೂದ್ರಾಗ ಹತ್ತೂ ಕಂಪ್ಯೂಟರ್ ತಂದ ಸಾಲ್ಯಾಗ ಇಡ್ರಿ. ನಿಮ್ಮ ಹೆಸರ ಹಂಗ ಖಾಲಿ ಬಿಡ್ತೇನಿ. ಯಾರಿಗೂ ಕಾಣಾಂಗಿಲ್ಲ."

ಅಳಿಯನ ಸೆಂಟರ್ ಇದ್ದ ವಿಜಯಪುರ ಒಂದು ತಾಸಿನ ದಾರಿ. ಮಣ್ಣು ಕೊಡಲು ಇನ್ನೂ ಮೂರು ತಾಸು ಇತ್ತು. ಧೂಳಪ್ಪ ಅಂಗಳದ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತ. ಫೋನ್ ಜೇಬಿನಲ್ಲೇ ಇತ್ತು. ಹೆಣ್ಣು ಹುಡುಗಿ, ಮಂದಿಯ ಎದುರು ಏನು ಮಾಡೀತು ಎಂದು ಪಕ್ಕದವನಿಗೆ ಹೇಳಿದ್ದು ಅವಳಿಗೂ ಕೇಳಿಸಿತು.

* * *

ಶಿವಯೋಗೆಪ್ಪನ ತುಂಡು ಹೊಲ ಶಾಲೆಯ ಕಂಪೌಂಡಿಗೆ ಹತ್ತಿಕೊಂಡೇ ಇತ್ತು. ಕುಣಿಯನ್ನು ಗೋಡೆಯಿಂದ ಹತ್ತು ಹೆಜ್ಜೆ ಈಚೆಗೆ ತೋಡಿದ್ದರು. ಅವನನ್ನು ಕೂತಂತೆಯೇ ಒಳಗೆ ಇಳಿಸಿದರು. ಅಯ್ಯನವರು ವಿಧಿ ಮುಗಿಸಿದರು. ಪತ್ರಿ ಬಿದ್ದವು, ಮನೆಯವರ ಮಣ್ಣು ಬಿತ್ತು. ಕುಣಿಯ ಅಂಚಿಗೆ ಕಲ್ಲನ್ನು ನಿಲ್ಲಿಸಿದಾಗ ಅದರ ಮುಖ ಶಾಲೆಯ ಕಡೆಗೆ ಬಂತು. ಮಧ್ಯಾಹ್ನದ ಊಟ ಮುಗಿಸಿದ ಮಕ್ಕಳು ಗೋಡೆಗೆ ಎದೆ ಆನಿಸಿ ಸಾಲಾಗಿ ನಿಂತು ನೋಡುತ್ತಿದ್ದರು.

ವಿದ್ಯಾವತಿ ರಸ್ತೆಯ ಕಡೆ ನೋಡಿದಳು. ಯಾವ ಗಾಡಿಯೂ ಬರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಅರಿವೆ ಅದ್ದಿ, ಎಲ್ಲರ ಎದುರು ಕೊನೆಯ ಸಾಲಿಗೆ ಬಿಳಿ ಬಳಿದಳು. ಭಜನೆ ನಿಂತಿತು.

ಧೂಳಪ್ಪ ಮಣ್ಣು ಹಾಕಲು ಮುಷ್ಟಿ ತುಂಬಿಕೊಂಡು ಬಂದಿದ್ದ. ಮುಷ್ಟಿ ಹಾಗೇ ಉಳಿಯಿತು. ನೆರೆದ ಮಂದಿ ಮೊದಲು ಕಲ್ಲನ್ನು, ಆಮೇಲೆ ಅವನನ್ನು ನೋಡಿದರು.

"ಎಂಟ ದಿನದಾಗ ತಂದ ಕೊಡ್ತೇನಿ, ಯವ್ವಾ," ಎಂದ. ದನಿ ಕುಗ್ಗಿತ್ತು. "ಹತ್ತೂ ತಂದ ಕೊಡ್ತೇನಿ. ನನ್ನ ಹೆಸರ ತಗಸು."

"ತಗ್ಯಾಂವ ಒಳಗ ಕುಂತಾನ್ರಿ," ಎಂದಳು ವಿದ್ಯಾವತಿ.

ಅವಳ ಕೈಯಲ್ಲಿ ಒಣ ಅರಿವೆ ಇತ್ತು. ಅದನ್ನು ಬಳಸಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ಧೂಳಪ್ಪ ಮುಷ್ಟಿಯ ಮಣ್ಣನ್ನು ಕೆಳಗೆ ಚೆಲ್ಲಿದ. ಹಸಿ ಬಣ್ಣ, ಈಗಲೇ ಒರೆಸಿದರೆ ಹೋದೀತು ಎಂದುಕೊಂಡನೋ ಏನೋ, ಹೆಗಲಿನ ವಲ್ಲಿ ಕಿತ್ತು ಕಲ್ಲಿನ ಮುಂದೆ ಮೊಣಕಾಲೂರಿದ. ಗಟ್ಟಿಯಾಗಿ ತಿಕ್ಕಿದ. ಎಡದಿಂದ ಬಲಕ್ಕೆ ತಿಕ್ಕಿದ, ಮತ್ತೆ ಬಲದಿಂದ ಎಡಕ್ಕೆ. ಅವನ ವಲ್ಲಿಯ ಕೆಳಗಿನಿಂದ ಅಕ್ಷರಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು.

ಗೋಡೆಯ ಆಚೆ ಮಕ್ಕಳು ತರಗತಿಯಲ್ಲಿ ಓದುವ ಹಾಗೆ ಒಟ್ಟಿಗೆ, ಜೋರಾಗಿ ಓದತೊಡಗಿದರು. "ಶ್ರೀ... ಧೂ... ಳ... ಪ್ಪ..."