ತೊರೆಯಾಚೆಯ ಸೇಬಿನ ಮರ

"ಮನುಷ್ಯರ ಕೈ ಸೋಕದ ಕಾಡು" ಎಂದು ಗೇಟಿನ ಪಕ್ಕದ ಫಲಕ ಕೊಚ್ಚಿಕೊಳ್ಳುತ್ತದೆ. ಅದನ್ನು ಓದಿ ಅಮ್ಮ ಮೂಗು ಮುರಿದಳು.

"ಹಾಗಾದ್ರೆ ಇಲ್ಲಿದ್ದ ನಾವೇನು ಕೋತಿಗಳಾ?"

ಅರಣ್ಯ ರಕ್ಷಕಿಯಾದ ಮಗಳು ನಕ್ಕಳು. ಬೆಟ್ಟವನ್ನು ರಕ್ಷಿತ ಪ್ರದೇಶವೆಂದು ಸಾರಿ ಊರನ್ನೇ ಕೆಳಗಿಳಿಸಿದಾಗ ಅವಳಿನ್ನೂ ಅಮ್ಮನ ಹೊಟ್ಟೆಯಲ್ಲಿದ್ದಳು. ಮನೆಗಳನ್ನು ಕೆಡವಿದರು, ಕಾಲುದಾರಿಗಳನ್ನು ಕಾಡು ನುಂಗಿತು. ಅಲ್ಲೊಂದು ಊರಿತ್ತು ಎಂದರೆ ಈಗ ನಂಬುವವರಿಲ್ಲ. ಮಂಡಿ ಪೂರ್ತಿ ಕೈಕೊಡುವ ಮೊದಲು ಒಮ್ಮೆ ಮೇಲೆ ಹೋಗಿಬರಬೇಕೆಂದು ಅಮ್ಮ ದುಂಬಾಲು ಬಿದ್ದಿದ್ದಳು. ಮಗಳು ಮೇಲಧಿಕಾರಿಯ ಕೈಕಾಲು ಹಿಡಿದು ಅನುಮತಿ ತಂದಿದ್ದಳು.

ಏರುದಾರಿಯಲ್ಲಿ ಅಮ್ಮನ ಬಾಯಿಗೆ ಬಿಡುವಿರಲಿಲ್ಲ. ಇಲ್ಲಿ ಬಾವಿ, ಅಲ್ಲಿ ಅತ್ತೆ ಜಾರಿಬಿದ್ದ ಬಂಡೆ. ಬಿದ್ದಲ್ಲಿಂದಲೇ ಸೊಸೆಗೆ ಬೈದಿದ್ದಳಂತೆ ಮಹಾತಾಯಿ. ತೊರೆ ದಾಟಿದ ಮೇಲೆ ಅಮ್ಮನ ದನಿ ತಗ್ಗಿತು.

"ನಿಮ್ಮಣ್ಣ ಜ್ವರದಲ್ಲಿ ಸೇಬು ಬೇಕು ಅಂತ ಹಟ ಹಿಡಿದಿದ್ದ. ನಿಮ್ಮಪ್ಪ ಪೇಟೆಗೆ ಇಳಿದು ತರೋ ಹೊತ್ತಿಗೆ ಅವನು ಹೋಗೇಬಿಟ್ಟಿದ್ದ. ಆ ಹಣ್ಣು ನಮಗೆ ಗಂಟಲಲ್ಲಿ ಇಳಿಯುತ್ತಾ? ಅವನನ್ನ ಮಲಗಿಸಿದ ಮಣ್ಣಲ್ಲೇ ಹೂತೆ. ನಾವು ಊರು ಬಿಡೋವಾಗ ಗಿಡ ನನ್ನ ಸೊಂಟದುದ್ದ ಆಗಿತ್ತು."

ಮಗಳು ಅಲ್ಲೇ ನಿಂತುಬಿಟ್ಟಳು. ಅಣ್ಣನೊಬ್ಬ ಹುಟ್ಟಿ ಹೋದನೆಂದು ಗೊತ್ತಿತ್ತು; ಅವನ ಮಾತೆತ್ತಿದರೆ ಅಮ್ಮ ಅಡುಗೆಮನೆಗೆ ಎದ್ದುಹೋಗುತ್ತಿದ್ದಳು. ಗಿಡದ ಸುದ್ದಿ ಕೇಳಿದ್ದು ಇವತ್ತೇ. ಈ ಕಾಡಿನದಲ್ಲದ ಮರ ಕಂಡರೆ ಕಡಿಯಬೇಕು, ಮತ್ತೆ ಚಿಗುರದಂತೆ ಬುಡಕ್ಕೆ ವಿಷ ಬಳಿಯಬೇಕು. ಅದು ಅವಳ ಕೆಲಸ. ಹೋದ ಬೇಸಿಗೆಯಲ್ಲಿ ಇಲ್ಲೇ ಒಂದು ಒಂಟಿ ಸೇಬಿನ ಮರ ಸಿಕ್ಕಿತ್ತು. ಹಿಂದೆ ಯಾರೋ ತಿಂದೆಸೆದ ಬೀಜವಿರಬೇಕೆಂದು ಗೊಣಗುತ್ತಾ ಗರಗಸ ಹಾಕಿದ್ದಳು.

"ಅಮ್ಮಾ, ಮುಂದೆ ದಾರಿ ಸರಿಯಿಲ್ಲ. ವಾಪಸ್ ಹೋಗೋಣ."

ಅಮ್ಮ ಆಗಲೇ ನೆಲಕ್ಕೆ ಕುಸಿದು ಕುಳಿತಿದ್ದಳು. ಕಡಿದ ಬುಡವನ್ನು, ಮಗುವಿನ ತಲೆ ನೇವರಿಸುವಂತೆ, ಅಂಗೈಯಿಂದ ಸವರಿದಳು. ತುಂಬಾ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಕುಡಿಯಲು ತಂದಿದ್ದ ನೀರನ್ನೆಲ್ಲ ಬುಡಕ್ಕೆ ಸುರಿದಳು.

"ಬೇರು ಇರುತ್ತಲ್ಲ, ಚಿಗುರುತ್ತೆ ಬಿಡು. ನೀನು ಡ್ಯೂಟಿಗೆ ಈ ಕಡೆ ಬಂದಾಗ ಒಂಚೂರು ನೀರು ಹಾಕ್ತಿರು. ನಿನ್ನ ಅಣ್ಣ ಅಲ್ವಾ."

ಹೇಳಿಬಿಡಬೇಕೆಂದು ಮಗಳು ಬಾಯಿ ತೆರೆದಳು.

"ಹೂಂ ಅಮ್ಮ" ಎಂದು, ತನ್ನ ಬಾಟಲಿಯ ಮುಚ್ಚಳ ತೆಗೆದು, ಇನ್ನೆಂದೂ ಚಿಗುರದ ಆ ಬುಡಕ್ಕೆ ತಾನೂ ನೀರು ಹಾಕಿದಳು.