ಕೆಂಪು ಪಟ್ಟಿಯ ಫ್ಲಾಸ್ಕಿಗೆ ಒಂದು ಹನಿ

ಕೊರಗಪ್ಪನವರು ನಲವತ್ತು ವರ್ಷ ಬಾಂದ್ರಾದಲ್ಲಿ ಹೋಟೆಲು ನಡೆಸಿದವರು. ಅದನ್ನು ಮಗ ಪ್ರಶಾಂತನಿಗೆ ಒಪ್ಪಿಸಿ ಬೊರಿವಲಿಯ ಫ್ಲ್ಯಾಟಿನಲ್ಲಿ ಆರಾಮಾಗಿ ಕೂತ ಮೇಲೂ, ಹಸಿದವರನ್ನು ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕೊರಿಯರಿನವನು ಬಂದರೆ ಅವಲಕ್ಕಿ, ಲಿಫ್ಟ್ ರಿಪೇರಿಯವನು ಬಂದರೆ ದೋಸೆ. ಅಂಥವರ ವಶಕ್ಕೆ ಮೊಮ್ಮಗಳು ಯಕ್ಷಿತಾ ಉಪವಾಸದ ಜೀವಿಗಳನ್ನು ಬಿಟ್ಟುಹೋದದ್ದು ಅವಳದೇ ತಪ್ಪು ಅನ್ನಬೇಕು.

ಯಕ್ಷಿತಾ ಸಮುದ್ರದಲ್ಲಿ ತೇಲುವ, ಬರಿಗಣ್ಣಿಗೆ ಕಾಣದ ಪಾಚಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ವೈರಿಂಗ್ ಕೆಲಸಕ್ಕಾಗಿ ಲ್ಯಾಬಿನಲ್ಲಿ ಎರಡು ದಿನ ಕರೆಂಟಿಲ್ಲ ಎಂದಾಗ, ಆರು ಗಾಜಿನ ಫ್ಲಾಸ್ಕುಗಳನ್ನು ಮನೆಗೆ ತಂದು, ಏಸಿ ಇರುವ ತನ್ನ ಕೋಣೆಯ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ನೀಲಿ ಪಟ್ಟಿ ಅಂಟಿಸಿದ ಮೂರಕ್ಕೆ ಬೇಕಾದ ಪೋಷಕಾಂಶವೆಲ್ಲ ಸಿಕ್ಕಿ, ಕಷಾಯದ ಬಣ್ಣ ಬಂದಿತ್ತು. ಕೆಂಪು ಪಟ್ಟಿಯ ಮೂರಕ್ಕೆ ಹನ್ನೆರಡು ದಿನದಿಂದ ಫಾಸ್ಫೇಟ್ ಇರಲಿಲ್ಲ, ಅವು ಬಿಳಿಚಿಕೊಂಡಿದ್ದವು.

"ಪಾಪ, ಇವು ಸಾಯುವುದಿಲ್ವಾ ಮಾರಾಯ್ತಿ?" ಎಂದು ಕೇಳಿದರು ಕೊರಗಪ್ಪ.

"ಇಲ್ಲ ಅಜ್ಜ, ಅಡ್ಜಸ್ಟ್ ಮಾಡ್ತವೆ. ಫಾಸ್ಫೇಟ್ ಇಲ್ಲದಿದ್ರೆ ಕೆಲವು ಜೀನ್ ಆನ್ ಆಗ್ತವೆ. ಮತ್ತೆ... ಕೈಸೇ ಬೋಲೂಂ, ಹೇಗೆ ಹೇಳುದು... ಅವುಗಳ ಹೊರಗಿನ ಪೊರೆ ಉಂಟಲ್ಲ, ಅದ್ರಲ್ಲಿ ಫಾಸ್ಫೇಟಿನ ಕೊಬ್ಬಿನ ಬದ್ಲಿಗೆ ಗಂಧಕದ್ದು ಹಾಕಿ ಚಲಾಯಿಸ್ತವೆ."

"ಟೊಮೆಟೊ ಸಿಗದ ದಿನ ನಾವು ಸಾರಿಗೆ ಪುನರ್ಪುಳಿ ಹಾಕಿದ ಹಾಗೆ!"

"ಎಕ್ಸಾಕ್ಟ್ಲಿ! ಸಮುದ್ರ ಬಿಸಿ ಆದ ಹಾಗೆ ಅಡಿಯ ಗೊಬ್ಬರ ಮೇಲೆ ಬರೋದು ಕಮ್ಮಿ ಆಗ್ತದೆ. ಆಗ ಇವು ಯಾವ ಜೀನಿಂದ ಬಚಾವ್ ಆಗ್ತವೆ, ಅದೇ ನನ್ನ ಥೀಸಿಸ್."

ಅಂದೇ ಸಂಜೆ ನಾಲ್ಕಕ್ಕೆ ಆರೂ ಫ್ಲಾಸ್ಕುಗಳನ್ನು ಸೋಸಿ, ಜೀನುಗಳ ಪರೀಕ್ಷೆಗೆ ಕಳಿಸಬೇಕಿತ್ತು. ಈ ಸಲ ತಪ್ಪಿದರೆ ಅವಳ ಸರದಿ ಮತ್ತೆ ಬರಲು ಆರು ತಿಂಗಳು. "ಫಾಸ್ಫೇಟಿನ ಈ ಸಣ್ಣ ಬಾಟ್ಲಿಯದ್ದು ಒಂದು ಹನಿ ಅಂದ್ರೆ ಅವಕ್ಕೆ ಮದುವೆ ಊಟ. ಪ್ಲೀಸ್, ಮುಟ್ಬೇಡಿ" ಎಂದು ಹೇಳಿ, ಯಕ್ಷಿತಾ ಸೋಸಿದ್ದನ್ನು ಹೆಪ್ಪುಗಟ್ಟಿಸಿಡುವ ಡ್ರೈ ಐಸ್ ತರಲು ಬಾಂದ್ರಾದ ಲೋಕಲ್ ಹಿಡಿದಳು.

ಕೊರಗಪ್ಪನವರು ಕುರ್ಚಿ ಎಳೆದುಕೊಂಡು ಕಾವಲು ಕೂತರು. ಒಂದೇ ಮೇಜು, ಒಂದೇ ಸಾಲು. ಮೂರಕ್ಕೆ ಊಟ, ಮೂರಕ್ಕೆ ಉಪವಾಸ. ಅವರು ಚಿಕ್ಕವರಿದ್ದಾಗ ಊರಿನ ದೊಡ್ಡ ಮನೆಯ ಸಮಾರಂಭಗಳಲ್ಲಿ ಇವರ ಕಡೆಯವರನ್ನು ಅಂಗಳದ ತುದಿಗೆ ಕೂರಿಸುತ್ತಿದ್ದರು. ಪಾಯಸ ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆ ಖಾಲಿ. ಆ ಪಂಕ್ತಿಭೇದದ ಸಂಕಟ ಇಷ್ಟು ವರ್ಷವಾದರೂ ಮಾಸಿರಲಿಲ್ಲ. ಮಾಲೀಕನಿಗೂ ಕ್ಲೀನರ್‌ಗೂ ಒಂದೇ ಸಾಂಬಾರು ಎಂಬುದು ಅವರ ಹೋಟೆಲಿನ ಮೊದಲ ಕಾನೂನು.

ಮುಟ್ಟಬಾರದು, ಮುಟ್ಟಬಾರದು ಎಂದುಕೊಳ್ಳುತ್ತಲೇ ಎದ್ದು ಕೈ ತೊಳೆದುಕೊಂಡು ಬಂದರು. ಎಲ್ಲಕ್ಕಿಂತ ಬಿಳಿಚಿದ್ದ ಕೆಂಪು ಪಟ್ಟಿಯ ಫ್ಲಾಸ್ಕಿನ ಮುಚ್ಚಳ ತೆಗೆದು, ಆ ಸಣ್ಣ ಬಾಟಲಿಯಿಂದ ಒಂದು ಹನಿ ಬಿಟ್ಟೇಬಿಟ್ಟರು.

ಎರಡನೆಯ ಫ್ಲಾಸ್ಕಿಗೆ ಚಾಚಿದ ಕೈಯನ್ನು ತಟ್ಟನೆ ಹಿಂದೆಳೆದುಕೊಂಡರು. ತಾನು ಮಾಡಿದ್ದೇನು? ಹುಡುಗಿಯ ಹನ್ನೆರಡು ದಿನದ ಶ್ರಮ! ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದರು. ಬಣ್ಣ ಎಳ್ಳಷ್ಟೂ ಬದಲಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವ ಹಾಗಿರಲಿಲ್ಲ. ಒಂದೂವರೆ ಗಂಟೆ ಅವರು ಹಾಲ್‌ನಲ್ಲಿ ಅತ್ತಿಂದಿತ್ತ ತಿರುಗಿದರು. ಆದರೆ ಉಪ್ಪು ಎರಡು ಸಲ ಬಿದ್ದ ಸಾಂಬಾರನ್ನು ಗೊತ್ತಿದ್ದೂ ಬಡಿಸಿದವರಲ್ಲ ಕೊರಗಪ್ಪ.

ಯಕ್ಷಿತಾ ಥರ್ಮೋಕೋಲ್ ಪೆಟ್ಟಿಗೆ ಹೊತ್ತು ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದಳು. ಅವರು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟರು.

"ಅಜ್ಜಾ! ಮೂರೂ ಒಂದೇ ಥರ ಇದ್ರೆ ಮಾತ್ರ ಲೆಕ್ಕಕ್ಕೆ ಬರೋದು, ಒಂದು ಹಾಳಾದ್ರೆ ಮೂರೂ ಹಾಳು!" ಅವಳ ಕಣ್ಣಲ್ಲಿ ನೀರು ತುಂಬಿತು. ಕೊರಗಪ್ಪನವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಬೈದುಬಿಡು ಮಗಾ. ಸುಮ್ನೆ ಇರಬೇಡ."

ಅವಳು ಬೈಯಲಿಲ್ಲ. ಮೂಗು ಒರೆಸಿಕೊಂಡು, "ಎಷ್ಟೊತ್ತಿಗೆ ಹಾಕಿದ್ರಿ?" ಎಂದಳು.

"ಎರಡು ಗಂಟೆ ಹತ್ತು ನಿಮಿಷ. ಒಂದೇ ಹನಿ. ಒಲೆಗೆ ಏನಿಟ್ರೂ ಗಡಿಯಾರ ನೋಡುದು ಅಭ್ಯಾಸ ನಂಗೆ."

"ಹಾಗಾದ್ರೆ ಬರೀತೇನೆ. ಏನಾಯ್ತೋ ಅದನ್ನೇ ಬರೀತೇನೆ." ನೋಟ್‌ಬುಕ್ಕಿನಲ್ಲಿ ಗಂಟೆ, ಹನಿ, ಅಜ್ಜನ ಹೆಸರು ಎಲ್ಲವನ್ನೂ ದಾಖಲಿಸಿ, ಆರನ್ನೂ ಸೋಸಿ ಡ್ರೈ ಐಸಿನಲ್ಲಿಟ್ಟಳು.

ಆರು ವಾರ ಕೊರಗಪ್ಪನವರಿಗೆ ಮಧ್ಯಾಹ್ನದ ನಿದ್ದೆ ಸರಿಯಾಗಿ ಹತ್ತಲಿಲ್ಲ. ಕೊನೆಗೊಂದು ದಿನ ಯಕ್ಷಿತಾ ಲ್ಯಾಪ್‌ಟಾಪ್ ತೆರೆದುಕೊಂಡೇ ಓಡಿಬಂದಳು.

"ಉಪವಾಸ ಇದ್ದ ಎರಡರಲ್ಲಿ ಹಸಿವಿನ ಜೀನ್ ಎಲ್ಲ ಜೋರಾಗಿ ಆನ್. ನೀವು ಬಡಿಸಿದ್ರಲ್ಲ, ಅದ್ರಲ್ಲಿ ಎರಡೇ ಗಂಟೆಗೆ ಹೆಚ್ಚಿನವು ಇಳಿದುಬಿಟ್ಟಿವೆ! ಊಟ ಸಿಕ್ಕಿದ ಕೂಡ್ಲೇ ಪುನರ್ಪುಳಿ ಒಳಗಿಟ್ಟು ಟೊಮೆಟೊ ತೆಗೆದ ಹಾಗೆ. ಒಂದು ಫ್ಲಾಸ್ಕನ್ನು ನಂಬ್ಲಿಕ್ಕಾಗುದಿಲ್ಲ, ಸರಿಯಾಗಿ ಮೂರರಲ್ಲಿ ಮಾಡು, ಹೊಸ ಚಾಪ್ಟರ್ ಆಗ್ತದೆ ಅಂದ್ರು ಗೈಡ್ ಮೇಡಂ. ಪರೀಕ್ಷೆಗೆ ತಮ್ಮ ಸರದೀನೇ ಬಿಟ್ಟುಕೊಟ್ಟಿದ್ದಾರೆ. ಆರು ಫ್ಲಾಸ್ಕ್, ಹನ್ನೆರಡು ದಿನ ಉಪವಾಸ. ಆಮೇಲೆ ಮೂರಕ್ಕೆ ನೀವೇ ಹನಿ ಹಾಕ್ಬೇಕು."

ಹಿಗ್ಗಿನಿಂದ ಕೊರಗಪ್ಪನವರ ಕಣ್ಣು ಒದ್ದೆಯಾಯಿತು. ಆದರೂ ಕೇಳಿದರು: "ಉಳಿದ ಮೂರಕ್ಕೆ?"

"ಅದಕ್ಕೆ ಇಲ್ಲ ಅಜ್ಜ. ಹೋಲಿಸಿ ನೋಡ್ಲಿಕ್ಕೆ ಬೇಕಲ್ಲ."

"ನಿಂಗೆ ಬೇಕಾದಷ್ಟು ಸೋಸಿ ತಗೋ. ಫ್ಲಾಸ್ಕಲ್ಲಿ ಉಳಿದದ್ದಕ್ಕೆ ಅದೇ ದಿನ ಊಟ ಆಗಬೇಕು. ಒಪ್ಪಿಗೆ ಇದ್ರೆ ಬಡಿಸ್ಲಿಕ್ಕೆ ಬರ್ತೇನೆ, ಇಲ್ಲದಿದ್ರೆ ಬೇರೆಯವರನ್ನು ನೋಡು."

ಯಕ್ಷಿತಾ ನಗುತ್ತಾ ಪೆನ್ನು ತೆಗೆದು, ಪ್ರಯೋಗದ ಕ್ರಮದಲ್ಲಿ ಅದನ್ನೇ ಕೊನೆಯ ಹಂತವೆಂದು ಬರೆದುಕೊಂಡಳು.