ಡಾಂಬರಿನ ಅಂಚು

ಕೊಟ್ಟೂರಿನಿಂದ ಚಿಗಟೇರಿಗೆ ಹೋಗುವ ರಸ್ತೆಯಲ್ಲಿ ಆಗ ಒಂದು ಗಾಡಿಗೆ ಸಾಕಾಗುವಷ್ಟೇ ಡಾಂಬರಿತ್ತು. ಎದುರಿಗೆ ಕಾರು ಬಂದರೆ ಬೈಕಿನವನು ಮಣ್ಣಿಗೆ ಇಳಿಯಬೇಕು. ಯಾರೂ ಮಾಡಿದ ಕಾನೂನಲ್ಲ, ಆದರೂ ಎಲ್ಲರೂ ಪಾಲಿಸುತ್ತಿದ್ದರು. ಮಳೆಗೆ ಪಕ್ಕದ ಮಣ್ಣು ಕೊಚ್ಚಿಹೋಗಿ, ಡಾಂಬರಿನ ಅಂಚಿನಿಂದ ನೆಲ ಗೇಣು ಕೆಳಗಿತ್ತು.

ಗವಿಸಿದ್ದೇಶ್ ಚಿಗಟೇರಿಯಲ್ಲಿ ಮೇಷ್ಟ್ರು. ಶಾಲೆಯ ಹೊತ್ತಿಗೆ ಬಸ್ಸಿಲ್ಲದ್ದರಿಂದ ಕೊಟ್ಟೂರಿನಿಂದ ಬೈಕಿನಲ್ಲೇ ಓಡಾಡುತ್ತಿದ್ದ. 2001ರ ಶ್ರಾವಣದ ಒಂದು ಬೆಳಿಗ್ಗೆ ಹೆಂಡತಿ ಸುಮಲತಾ ಹಿಂದೆ ಕೂತಿದ್ದಳು. ಶಾಲೆಯ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಒಪ್ಪಿಕೊಂಡಿದ್ದಳು, ಅವತ್ತು ಅದರ ಮೊದಲ ದಿನ. ಎದುರಿಗೆ ಬಿಳಿ ಅಂಬಾಸಿಡರ್ ಬಂತು. ಗವಿಸಿದ್ದೇಶ್ ವೇಗ ತಗ್ಗಿಸಿದ, ಕಾರು ತಗ್ಗಿಸಲಿಲ್ಲ. ಕೊನೇ ಗಳಿಗೆಯಲ್ಲಿ ಎಡಕ್ಕೆ ತಿರುಗಿಸಿದಾಗ ಮುಂದಿನ ಗಾಲಿ ಅಂಚಿನಿಂದ ಜಾರಿತು. ಅವನು ಜಾಲಿ ಮುಳ್ಳಿನ ಮೇಲೆ ಬಿದ್ದ, ಅವಳು ಕಲ್ಲಿನ ಮೇಲೆ. ದಾವಣಗೆರೆಗೆ ಒಯ್ದರೂ ಅವಳು ಉಳಿಯಲಿಲ್ಲ.

ಕಾರು ತಾಗಿದ ಗುರುತು ಬೈಕಿನ ಮೇಲೆ ಎಲ್ಲೂ ಇರಲಿಲ್ಲ. ತಾನಾಗಿ ಬಿದ್ದದ್ದು ಎಂದೇ ಕೇಸು ಮುಗಿಯಿತು.

ಅದು ಕೊಟ್ಟೂರು ಸ್ಟ್ಯಾಂಡಿನ ಬಾಡಿಗೆ ಕಾರು, ಮಾಲೀಕ ಪಾಲಣ್ಣ, ಓಡಿಸುತ್ತಿದ್ದವನು ದಸ್ತಗಿರಿ. ಲಗ್ನಕ್ಕೆ ಹೊತ್ತಾಯಿತೆಂದು ಸವಾರಿಯವರು ಅವಸರಿಸುತ್ತಿದ್ದರು. ಕನ್ನಡಿಯಲ್ಲಿ ಅವನಿಗೆ ಕಂಡದ್ದು ಬರೀ ಧೂಳು. ಬಿದ್ದವರು ಯಾರೆಂದು ಗೊತ್ತಾದದ್ದು ಸಂಜೆ, ಸ್ಟ್ಯಾಂಡಿನ ಚಹಾದಂಗಡಿಯಲ್ಲಿ. ಅವನ ಮಗಳು ನಿಶಾತಳ ಹಬ್ಬದ ಬಟ್ಟೆಗಳನ್ನು ಹೊಲಿದುಕೊಡುತ್ತಿದ್ದವಳು ಸುಮಲತಾ.

ಕಾರ್ಯವೆಲ್ಲ ಮುಗಿದ ಮೇಲೆ ಅವನು ಮೇಷ್ಟ್ರ ಮನೆಗೆ ಹೋದ. ಬಾಗಿಲ ಹೊರಗೇ ನಿಂತ.

“ಮೇಷ್ಟ್ರ, ನಾ ಮುಟ್ಟಿಲ್ರಿ,” ಎಂದ.

“ಮುಟ್ಟಿಲ್ಲ, ನಂಗೂ ಗೊತ್ತೈತಿ,” ಎಂದ ಗವಿಸಿದ್ದೇಶ್. “ಆದ್ರ ನೀ ಮಣ್ಣಿಗೆ ಇಳೀಲೂ ಇಲ್ಲ.”

ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ದಸ್ತಗಿರಿ ತಾನಾಗಿ ಹಿಂದಿರುಗಿದ.

ಮರುದಿನದಿಂದ ಎದುರಿಗೆ ಬೈಕು ಕಂಡರೆ ಸಾಕು, ದಸ್ತಗಿರಿ ಕಾರಿನ ಎಡಗಾಲಿಗಳನ್ನು ಮಣ್ಣಿಗೆ ಇಳಿಸತೊಡಗಿದ. ಬೈಕಿನವರಿಗೆ ಮೊದಮೊದಲು ಅರ್ಥವೇ ಆಗಲಿಲ್ಲ. ಕಾರು ತಮ್ಮ ಸಲುವಾಗಿ ಇಳಿದೀತೆಂದು ನಂಬದೆ ಅವರೂ ಇಳಿಯುತ್ತಿದ್ದರು, ನಡುವೆ ಡಾಂಬರು ಖಾಲಿ ಬೀಳುತ್ತಿತ್ತು. ಸ್ಟ್ಯಾಂಡಿನ ಉಳಿದ ಡ್ರೈವರುಗಳಿಗೂ ಅವನು ಹೇಳಿ ನೋಡಿದ. ಸುಮಲತಾಳ ಹೆಸರಿಗೆ ಮರುಗಿ ಕೆಲವರು ಕೆಲ ದಿನ ಹಾಗೇ ಮಾಡಿದರು. ಟೈರು ಸವೆಯುತ್ತದೆ, ಸವಾರಿಯವರು ಬೈಯುತ್ತಾರೆ ಎಂದು ಒಬ್ಬೊಬ್ಬರೇ ಬಿಟ್ಟರು.

ಮುಂದಿನ ಮಳೆಗಾಲದಲ್ಲಿ ದಸ್ತಗಿರಿ ಹಾಗೆ ಇಳಿದಾಗ ಗಾಲಿಗಳು ಎರೆಮಣ್ಣಿನಲ್ಲಿ ಹೂತು ಕಾರು ಹೊಲದ ಕಡೆ ಮಗುಚಿತು. ಒಳಗಿದ್ದ ಮುದುಕಿ ಕೆಂಚಕ್ಕನ ಕೈ ಮುರಿಯಿತು. ದಾರಿ ಸಿಕ್ಕಿದ ಬೈಕಿನವನು ತಿರುಗಿ ನೋಡಲಿಲ್ಲ.

ಪಾಲಣ್ಣ ಕೂಗಾಡಲಿಲ್ಲ. ಕೀಲಿ ತೆಗೆದುಕೊಂಡು, “ನೀ ಒಬ್ಬಾವ ಇಳಿದ್ರ ಏನಾತು, ದಸ್ತಗಿರಿ? ಅಲ್ಲಿ ಒಂದು ಜೀವ ಹೋತು, ಇಲ್ಲಿ ಇನ್ನೊಂದು ಹೋಗೋದು ಸ್ವಲ್ಪದಾಗ ತಪ್ಪಿತು,” ಎಂದ. ಆಮೇಲೆ ಯಾರೂ ದಸ್ತಗಿರಿಯ ಕೈಗೆ ಕಾರು ಕೊಡಲಿಲ್ಲ. ಅಣ್ಣನ ಪಂಕ್ಚರ್ ಅಂಗಡಿಯಲ್ಲಿ ಕೂತ.

ಒಂದು ದಿನ ಗವಿಸಿದ್ದೇಶ್ ಅಲ್ಲಿಗೆ ಬೈಕು ತಳ್ಳಿಕೊಂಡು ಬಂದ. ಮುಳ್ಳು ತೆಗೆಯುತ್ತ ದಸ್ತಗಿರಿ, ಎಲ್ಲಿಂದ ಇಷ್ಟು ಮುಳ್ಳು ಎಂದು ವಿಚಾರಿಸಿದ. ತಾನೀಗ ಕಾರು ದೂರ ಕಂಡೊಡನೆ ಕೆಳಗಿಳಿದು ಜಾಲಿಗಳ ನಡುವೆ ಇಂಜಿನ್ ಆರಿಸಿ ನಿಲ್ಲುವುದಾಗಿ ಮೇಷ್ಟ್ರು ಹೇಳಿದ. ಕಾರು ದಾಟಿ ಧೂಳು ಇಳಿದ ಮೇಲೇ ಮತ್ತೆ ಡಾಂಬರು ಹತ್ತುವುದಂತೆ.

“ನಾ ಇಳೀತಿದ್ದೆ, ನೋಡಿದ್ರೇನ್ರಿ?” ದಸ್ತಗಿರಿ ತಲೆಯೆತ್ತದೆ ಕೇಳಿದ.

“ನೋಡೀನಿ. ನೀ ಇಳಿದಾಗ್ಲೂ ನಾ ಕೆಳಗಾ ನಿಂತಿದ್ದೆ.”

ಗಾಲಿ ಕಟ್ಟಿಸಿಕೊಂಡು ಗವಿಸಿದ್ದೇಶ್ ಹೊರಟ. ಪಾಲಣ್ಣನ ಕಾರಿಗೆ ಹೊಸ ಡ್ರೈವರ್ ಬಂದಿದ್ದ. ಮೇಷ್ಟ್ರು ಬಹಳ ಒಳ್ಳೆಯವರು, ಕೇಳುವ ಮೊದಲೇ ದಾರಿ ಬಿಡುತ್ತಾರೆ ಎಂದು ಅವನು ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಚಿಗಟೇರಿ ದಾರಿಯಲ್ಲಿ ಜಾಲಿಯ ಪಕ್ಕ ನಿಂತ ಮೇಷ್ಟ್ರನ್ನು ಕಂಡಾಗಲೆಲ್ಲ ಕೈಯೆತ್ತಿ ನಮಸ್ಕಾರ ಮಾಡಿ, ವೇಗ ತಗ್ಗಿಸದೆ ಹೋಗುತ್ತಿದ್ದ.